ಬಯಾಪ್ಸಿ ನಾರ್ಮಲ್, ಹೊಟ್ಟೆನೋವು ನಿಜ

ಮಾನ್ಯ ಸಂಪಾದಕರೇ,

ಕಳೆದ ವಾರ ನಿಮ್ಮ ಆರೋಗ್ಯ ಪುಟದಲ್ಲಿ ಐಬಿಎಸ್ ಬಗ್ಗೆ, ಅಂದರೆ ಮಾಮೂಲಿ ಪರೀಕ್ಷೆಗಳಲ್ಲಿ ಕಾರಣ ಕಾಣದೆ ಹೊಟ್ಟೆನೋವು, ಭೇದಿ ಅಥವಾ ಮಲಬದ್ಧತೆ ಕಾಡುವ ಇರಿಟಬಲ್ ಬೊವೆಲ್ ಸಿಂಡ್ರೋಮ್ ಬಗ್ಗೆ, ಒಂದು ಲೇಖನ ಬಂದಿತ್ತು. ಎಂಡೋಸ್ಕೋಪಿ, ಬಯಾಪ್ಸಿ ಎರಡೂ ನಾರ್ಮಲ್ ಬಂದರೆ ಕರುಳಿನಲ್ಲಿ ಏನೂ ಇಲ್ಲ, ತೊಂದರೆ ಇರುವುದು ಮನಸ್ಸಿನಲ್ಲಿ ಎಂಬ ಅರ್ಥ ಬರುವ ಒಂದು ಸಾಲು ಅದರಲ್ಲಿತ್ತು. ಉಳಿದ ಲೇಖನ ಚೆನ್ನಾಗಿತ್ತು. ಆ ಒಂದು ಸಾಲಿನ ಬಗ್ಗೆ ಬರೆಯದೆ ಇರಲು ಆಗುತ್ತಿಲ್ಲ.

ನನ್ನ ತಂಗಿ ಅದನ್ನು ಓದಿದಳು. ಪೇಪರ್ ಮಡಚಿಟ್ಟಳು. ಸ್ವಲ್ಪ ಹೊತ್ತು ಬಿಟ್ಟು, "ಅಣ್ಣಾ, ಹಾಗಾದ್ರೆ ಎರಡು ವರ್ಷದಿಂದ ನಾನೇ ಸುಮ್ನೆ ಕಲ್ಪಿಸಿಕೊಳ್ತಾ ಇದೀನಾ?" ಅಂತ ಕೇಳಿದಳು.

ಎರಡು ವರ್ಷದ ಹಿಂದೆ ಅವಳಿಗೆ ಜೋರು ವಾಂತಿ ಭೇದಿ ಆಗಿತ್ತು. ಮೂರು ದಿನ ಡ್ರಿಪ್ ಹಾಕಿಸಿಕೊಂಡು ಎದ್ದಳು. ಸೋಂಕು ಹೋಯಿತು, ನೋವು ಹೋಗಲಿಲ್ಲ. ಊಟವಾಗಿ ಅರ್ಧ ಗಂಟೆಗೆ ಹೊಟ್ಟೆ ಹಿಂಡಿದ ಹಾಗಾಗುತ್ತದೆ, ಉಬ್ಬರಿಸುತ್ತದೆ, ಆಮೇಲೆ ಟಾಯ್ಲೆಟ್ಟಿಗೆ ಓಡಬೇಕು. ರಕ್ತ ಪರೀಕ್ಷೆ, ಸ್ಕ್ಯಾನ್, ಕೊಲೊನೋಸ್ಕೋಪಿ ಎಲ್ಲ ಮಾಡಿಸಿದ್ದಾಯಿತು. ಪ್ರತಿ ರಿಪೋರ್ಟಿನ ಕೊನೆಗೂ ಅದೇ ಪದ, ನಾರ್ಮಲ್. ಮೊದಮೊದಲು ಆ ಪದ ನೋಡಿ ಸಮಾಧಾನ ಪಡುತ್ತಿದ್ದಳು. ಈಗ ಅದನ್ನು ನೋಡಿದರೆ ಯಾರೋ "ನೀನು ಸುಳ್ಳು ಹೇಳ್ತೀಯ" ಅಂದ ಹಾಗೆ ಮುಖ ಸಣ್ಣ ಮಾಡುತ್ತಾಳೆ.

ನಾನು ಡಾಕ್ಟರ್ ಅಲ್ಲ. ಬಯಾಪ್ಸಿ ಲ್ಯಾಬಿನಲ್ಲಿ ಟೆಕ್ನಿಷಿಯನ್, ಇಪ್ಪತ್ತೆರಡು ವರ್ಷದಿಂದ ಇದೇ ಕೆಲಸ. ಆ ನಾರ್ಮಲ್ ಎಂಬ ಪದ ಎಲ್ಲಿಂದ ಹುಟ್ಟುತ್ತದೆ ಅಂತ ನನಗೆ ಗೊತ್ತು, ಯಾಕೆಂದರೆ ಅದಕ್ಕೆ ಬೇಕಾದ ಸ್ಲೈಡ್ ಮಾಡುವುದು ನನ್ನಂಥವರೇ.

ಕರುಳಿನ ಬಯಾಪ್ಸಿ ಫಾರ್ಮಲಿನ್ ತುಂಬಿದ ಚಿಕ್ಕ ಡಬ್ಬಿಯಲ್ಲಿ ಬರುತ್ತದೆ. ಚೂರು ಎಷ್ಟಿರುತ್ತದೆ ಗೊತ್ತಾ, ಎರಡು ಮೂರು ಮಿಲಿಮೀಟರ್, ಸಾಸಿವೆ ಕಾಳಿಗಿಂತ ತುಸು ದೊಡ್ಡದು. ಅದನ್ನು ಮೇಣದಲ್ಲಿ ಕೂರಿಸಿ, ಮೈಕ್ರೋಟೋಮ್ ಎಂಬ ಕೊಯ್ಯುವ ಯಂತ್ರದಲ್ಲಿ ನಾಲ್ಕೈದು ಮೈಕ್ರಾನ್ (ಮೈಕ್ರಾನ್ ಅಂದರೆ ಮಿಲಿಮೀಟರಿನ ಸಾವಿರದಲ್ಲೊಂದು ಭಾಗ) ದಪ್ಪಕ್ಕೆ ಕೊಯ್ಯುತ್ತೇವೆ. ರಿಬ್ಬನ್ ಥರ ಬರುವ ಆ ಪದರವನ್ನು ಬೆಚ್ಚನೆ ನೀರಿನ ಮೇಲೆ ತೇಲಿಸಿ, ಸುಕ್ಕು ಬಿಡಿಸಿ, ಗಾಜಿನ ಮೇಲೆ ಎತ್ತಿಕೊಳ್ಳುತ್ತೇವೆ. ಆಮೇಲೆ ಎರಡು ಬಣ್ಣ, ಒಂದು ನೀಲಿ, ಇನ್ನೊಂದು ಗುಲಾಬಿ. ಪೆಥಾಲಜಿಸ್ಟ್ ನೋಡುವುದು ಅದನ್ನೇ. ಹುಣ್ಣಿದೆಯಾ, ಕ್ಯಾನ್ಸರ್ ಇದೆಯಾ, ಉರಿಯೂತದ ಕೋಶಗಳು ಗುಂಪು ಕಟ್ಟಿವೆಯಾ ಅಂತ ನೋಡುತ್ತಾರೆ. ಇವು ಯಾವುದೂ ಇಲ್ಲದಿದ್ದರೆ ನಾರ್ಮಲ್ ಅಂತ ಬರೆಯುತ್ತಾರೆ. ಅವರು ಬರೆದದ್ದು ಸರಿಯೇ. ಹುಡುಕಿದ್ದು ಸಿಗಲಿಲ್ಲ ಅಂತ ಅದರ ಅರ್ಥ, ಅಷ್ಟೇ.

ಹುಡುಕದೆ ಬಿಟ್ಟದ್ದು ಏನು ಎನ್ನುವುದೇ ಈ ಪತ್ರದ ವಿಷಯ.

ಎಂಡೋಸ್ಕೋಪಿನ ಚಿಮಟ ಕೀಳುವುದು ಕರುಳಿನ ಒಳಮೈಯನ್ನು, ಅಂದರೆ ಲೋಳೆಯ ಪದರವನ್ನು ಮಾತ್ರ. ಕರುಳಿನ ಸ್ವಂತ ನರಮಂಡಲದ ದೊಡ್ಡ ಗಂಟುಗಳು ಅದಕ್ಕಿಂತ ಕೆಳಗಿವೆ. ಒಂದು ಬಲೆ ಲೋಳೆಪದರದ ಅಡಿಯಲ್ಲಿದೆ. ಅದನ್ನು 1857ರಲ್ಲಿ ಮೈಸ್ನರ್ ವಿವರಿಸಿದರು. ಇನ್ನೊಂದು ಎರಡು ಸ್ನಾಯು ಪದರಗಳ ನಡುವೆ ಇದೆ, 1862ರಲ್ಲಿ ಔವರ್‌ಬಾಖ್ ಕಂಡದ್ದು. ಇವೆರಡರಲ್ಲೂ ಸೇರಿ ಹತ್ತಾರು ಕೋಟಿ ನರಕೋಶಗಳಿವೆ. ಇವಕ್ಕೆ ಮಿದುಳಿನ ಅಪ್ಪಣೆ ಬೇಕಾಗಿಲ್ಲ. 1899ರಲ್ಲಿ ಬೇಲಿಸ್ ಮತ್ತು ಸ್ಟಾರ್ಲಿಂಗ್ ನಾಯಿಯ ಕರುಳಿಗೆ ಹೊರಗಿನಿಂದ ಬರುವ ನರಗಳನ್ನೆಲ್ಲ ಕತ್ತರಿಸಿ ನೋಡಿದರು. ಆಮೇಲೂ ಕರುಳು ಆಹಾರವನ್ನು ಮುಂದಕ್ಕೆ ತಳ್ಳುತ್ತಲೇ ಇತ್ತು.

ಈ ನರಕೋಶಗಳನ್ನು ನಾವು ಲ್ಯಾಬಿನಲ್ಲಿ ಹುಡುಕುವುದು ಮುಖ್ಯವಾಗಿ ಒಂದು ಕಾಯಿಲೆಯಲ್ಲಿ. ಹಿರ್ಷ್‌ಸ್ಪ್ರುಂಗ್ ಕಾಯಿಲೆ ಅಂತ ಅದರ ಹೆಸರು, ಸುಮಾರು 5000 ಶಿಶುಗಳಲ್ಲಿ ಒಂದಕ್ಕೆ ಬರುತ್ತದೆ. ಕರುಳಿನ ಕೊನೆಯ ಭಾಗದಲ್ಲಿ ನರಕೋಶಗಳೇ ಬೆಳೆದಿರುವುದಿಲ್ಲ. ಅಂಥ ಮಗುವಿನಿಂದ ಸ್ವಲ್ಪ ಆಳವಾಗಿ ತೆಗೆದ ಬಯಾಪ್ಸಿ ಬಂದ ದಿನ ನಾವು ಮೇಣದ ಬ್ಲಾಕನ್ನು ಮುಗಿಯುವ ತನಕ ಕೊಯ್ಯುತ್ತೇವೆ, ಒಂದರ ಹಿಂದೆ ಒಂದು, ಹತ್ತಾರು ಸ್ಲೈಡ್, ಯಾಕೆಂದರೆ ಎಲ್ಲೋ ಒಂದೇ ಒಂದು ನರಕೋಶ ಕಂಡರೂ ಆ ಮನೆಯವರಿಗೆ ಹೇಳುವ ಮಾತು ಬದಲಾಗುತ್ತದೆ. ನೋಡಿದವರಿಗೆ ಅದು ಮರೆಯುವುದಿಲ್ಲ. ದೊಡ್ಡ ಕೋಶ, ಒಳಗೆ ದುಂಡನೆ ತಿಳಿ ನ್ಯೂಕ್ಲಿಯಸ್, ಅದರೊಳಗೆ ಗಾಢವಾದ ಒಂದು ಚುಕ್ಕಿ. ಕಣ್ಣು ಬಿಟ್ಟು ನಮ್ಮನ್ನೇ ನೋಡುತ್ತಿರುವ ಹಾಗಿರುತ್ತದೆ.

ಈ ಮಕ್ಕಳಿಗೆ ಮಲ ಮುಂದೆ ಹೋಗುವುದಿಲ್ಲ ಎಂಬುದಷ್ಟೇ ತೊಂದರೆ ಅಲ್ಲ. ಇವರ ಜೀವಕ್ಕೆ ದೊಡ್ಡ ಅಪಾಯ ಬರುವುದು ಕರುಳಿನ ತೀವ್ರ ಉರಿಯೂತದಿಂದ, ಕೆಲವರಿಗೆ ಆಪರೇಷನ್ ಆದ ಮೇಲೂ ಅದು ಬರುತ್ತದೆ. ಮಲ ಕಟ್ಟಿಕೊಳ್ಳುವುದು ಅದಕ್ಕೆ ಒಂದು ಕಾರಣ, ನಿಜ. ಆದರೆ ಅದೊಂದೇ ಕಾರಣ ಅಲ್ಲ, ಕರುಳಿನ ಲೋಳೆ ಮತ್ತು ಕಾವಲು ಕೋಶಗಳ (ರೋಗನಿರೋಧಕ ಕೋಶಗಳ) ಕೆಲಸವೂ ಇವರಲ್ಲಿ ಏರುಪೇರಾಗಿರುತ್ತದೆ. ಲ್ಯಾಬಿಗೆ ಸೇರಿದ ಹೊಸದರಲ್ಲಿ ನನಗೆ ಇದು ಒಗಟಾಗಿತ್ತು. ನರ ಇಲ್ಲದಿದ್ದರೆ ಚಲನೆ ನಿಲ್ಲಬೇಕು, ಕಾವಲು ಯಾಕೆ ಕೆಡಬೇಕು?

ಉತ್ತರ ಕಳೆದ ಹತ್ತು ಹನ್ನೆರಡು ವರ್ಷದಲ್ಲಿ ಒಂದೊಂದಾಗಿ ಬಂದಿದೆ. ಕರುಳಿನಲ್ಲಿ ರೋಗನಿರೋಧಕ ಕೋಶಗಳು ಅಪಾರ ಸಂಖ್ಯೆಯಲ್ಲಿವೆ. ಹೊರಗಿನ ಲೋಕಕ್ಕೂ ನಮಗೂ ಅಲ್ಲಿ ಇರುವ ಗೋಡೆ ಒಂದೇ ಒಂದು ಕೋಶದಷ್ಟು ದಪ್ಪ. ಆ ಗೋಡೆಯ ಹಿಂದೆ ನರದ ಎಳೆಗಳೂ ಕಾವಲು ಕೋಶಗಳೂ ಮೈಗೆ ಮೈ ತಾಗಿಸಿಕೊಂಡು ಕೂತಿವೆ, ಮತ್ತು ಪರಸ್ಪರ ರಾಸಾಯನಿಕಗಳಲ್ಲಿ ಮಾತಾಡುತ್ತವೆ. ನರ ಬಿಡುವ ರಾಸಾಯನಿಕವನ್ನು ಹಿಡಿಯಲು ಕಾವಲು ಕೋಶದ ಮೈಮೇಲೆ ಗ್ರಾಹಕಗಳಿವೆ. ಕಾವಲು ಕೋಶ ಬಿಡುವುದನ್ನು ಹಿಡಿಯಲು ನರದ ಮೇಲೂ ಇವೆ.

ಮ್ಯಾಕ್ರೋಫೇಜ್ ಅಂತ ಒಂದು ಕೋಶ ಇದೆ, ಕಸ ನುಂಗುವ ಕೋಶ ಅಂತಲೇ ನಾವೆಲ್ಲ ಓದಿದ್ದು. ಕರುಳಿನ ಸ್ನಾಯು ಪದರದಲ್ಲಿ ಇದು ನರದ ಬಲೆಗೆ ಅಂಟಿಕೊಂಡೇ ಇರುತ್ತದೆ. 2014ರಲ್ಲಿ ಇಲಿಗಳಲ್ಲಿ ಕಂಡದ್ದೇನೆಂದರೆ, ಈ ಮ್ಯಾಕ್ರೋಫೇಜ್ ಒಂದು ಪ್ರೋಟೀನ್ ಸುರಿಸಿ ನರಕ್ಕೆ ಕರುಳಿನ ಚಲನೆಯನ್ನು ಹದವಾಗಿ ನಡೆಸಲು ನೆರವಾಗುತ್ತದೆ, ನರ ಅದಕ್ಕೆ ಪ್ರತಿಯಾಗಿ ಇನ್ನೊಂದು ಪ್ರೋಟೀನ್ ಕೊಟ್ಟು ಮ್ಯಾಕ್ರೋಫೇಜನ್ನು ಬದುಕಿಸಿಕೊಳ್ಳುತ್ತದೆ. ಒಂದಿಲ್ಲದೆ ಇನ್ನೊಂದಕ್ಕೆ ನಡೆಯುವುದಿಲ್ಲ. ಆ ಮ್ಯಾಕ್ರೋಫೇಜುಗಳನ್ನು ತೆಗೆದರೆ ಕರುಳಿನ ಚಲನೆಯ ಲಯವೇ ತಪ್ಪುತ್ತದೆ.

ತಂಗಿಯ ಕಥೆಗೆ ಹತ್ತಿರವಾದ ಕೆಲಸ ನ್ಯೂಯಾರ್ಕಿನ ರಾಕಫೆಲ್ಲರ್ ವಿಶ್ವವಿದ್ಯಾಲಯದ ಡೇನಿಯಲ್ ಮುಸಿಡಾ ಅವರ ತಂಡದ್ದು. 2016 ಮತ್ತು 2020ರಲ್ಲಿ ಪ್ರಕಟವಾಯಿತು. ಇಲಿಗಳಿಗೆ ಸಾಲ್ಮೊನೆಲ್ಲಾ ಥರದ ಬ್ಯಾಕ್ಟೀರಿಯಾ ಕೊಟ್ಟು ನೋಡಿದರು. ಸೋಂಕಿಗೆ ಉತ್ತರವಾಗಿ ಕರುಳಿನ ಒಂದಷ್ಟು ನರಕೋಶಗಳು ಸತ್ತವು. ಬ್ಯಾಕ್ಟೀರಿಯಾ ಹೋದ ಮೇಲೂ ಕರುಳಿನ ಚಲನೆ ಮೊದಲಿನಂತೆ ಆಗಲಿಲ್ಲ. ಸೋಂಕಿನ ಹೊತ್ತಿಗೆ ಅನುವೇದಕ (ಸಿಂಪಥೆಟಿಕ್) ನರಗಳು ನಾರ್‌ಅಡ್ರಿನಲಿನ್ ಎಂಬ ರಾಸಾಯನಿಕ ಬಿಡುತ್ತವೆ, ಅದನ್ನು ಹಿಡಿದ ಮ್ಯಾಕ್ರೋಫೇಜುಗಳು ಕಾದಾಟ ಬಿಟ್ಟು ರಕ್ಷಣೆಯ ಕೆಲಸಕ್ಕೆ ತಿರುಗುತ್ತವೆ, ಉಳಿದ ನರಕೋಶಗಳನ್ನು ಕಾಪಾಡುತ್ತವೆ. ಈ ಸಂದೇಶದ ದಾರಿ ಮುಚ್ಚಿದ ಇಲಿಗಳಲ್ಲಿ ಸತ್ತ ನರಕೋಶಗಳು ಇನ್ನೂ ಜಾಸ್ತಿ. ಇದನ್ನು ಓದಿದ ರಾತ್ರಿ ನನಗೆ ನಿದ್ದೆ ಬರಲಿಲ್ಲ. ತಂಗಿಯ ಕರುಳಿನಲ್ಲಿ ಹೀಗೇ ಆಗಿದೆ ಅಂತ ನಾನು ಹೇಳಲಾರೆ. ಇಲಿ ಬೇರೆ, ಮನುಷ್ಯ ಬೇರೆ. ಆದರೆ ಹೀಗೆ ಆಗಿದ್ದರೆ ಅದು ಅವಳ ಬಯಾಪ್ಸಿಯಲ್ಲಿ ಕಾಣುತ್ತಿರಲಿಲ್ಲ, ಏಕೆಂದರೆ ಆ ಪದರದವರೆಗೆ ಚಿಮಟ ಹೋಗಿಯೇ ಇಲ್ಲ, ಅಲ್ವಾ?

ಕಾಣಬಹುದಾದ ಮೇಲಿನ ಪದರದಲ್ಲಿಯೂ ನಾವು ನೋಡದೆ ಬಿಡುವ ಒಂದು ಕೋಶವಿದೆ, ಅಲರ್ಜಿಯಲ್ಲಿ ಕೆರಳುವ ಕಾವಲು ಕೋಶ, ಮಾಸ್ಟ್ ಕೋಶ ಅಂತ ಹೆಸರು. ಮಾಮೂಲಿ ನೀಲಿ ಗುಲಾಬಿ ಬಣ್ಣದಲ್ಲಿ ಅದನ್ನು ಗುರುತಿಸುವುದು ಕಷ್ಟ, ಸುತ್ತಲಿನ ಕೋಶಗಳ ನಡುವೆ ಬೆರೆತುಬಿಡುತ್ತದೆ. ಅದೇ ಚೂರಿನ ಇನ್ನೊಂದು ಸ್ಲೈಡಿಗೆ ಟೊಲುಯಿಡಿನ್ ಬ್ಲೂ ಎಂಬ ಬಣ್ಣ ಹಾಕಿ ನೋಡಿ. ಸುತ್ತ ಎಲ್ಲ ನೀಲಿ, ಮಾಸ್ಟ್ ಕೋಶದ ಕಾಳುಗಳು ಮಾತ್ರ ನೇರಳೆಗೆ ತಿರುಗುತ್ತವೆ, ಚೀಲದಲ್ಲಿ ಒತ್ತೊತ್ತಾಗಿ ತುಂಬಿಟ್ಟ ಹಾಗೆ. ಆ ಕಾಳುಗಳೊಳಗೆ ಹಿಸ್ಟಮಿನ್ ಎಂಬ ರಾಸಾಯನಿಕ ಇದೆ. ಚೀಲ ಒಡೆದರೆ ಪಕ್ಕದ ನೋವಿನ ನರಕ್ಕೆ ನೇರ ತಾಗುತ್ತದೆ.

ಪಕ್ಕದಲ್ಲಿ ಅಂದರೆ ಎಷ್ಟು ಪಕ್ಕ? 2004ರಲ್ಲಿ ಇಟಲಿಯ ಬೊಲೊನ್ಯಾದ ಜೊವಾನ್ನಿ ಬಾರ್ಬರಾ ಮತ್ತು ಸಂಗಡಿಗರು ಅದನ್ನೇ ಅಳೆದರು. ಐಬಿಎಸ್ ಇರುವವರ ಕರುಳಿನ ಚೂರುಗಳಲ್ಲಿ, ನರದ ಎಳೆಯಿಂದ 5 ಮೈಕ್ರಾನಿನೊಳಗೆ ಇರುವ ಮಾಸ್ಟ್ ಕೋಶಗಳನ್ನು ಎಣಿಸಿದರು. ನರಕ್ಕೆ ಅಷ್ಟು ಹತ್ತಿರ ಇರುವ, ಕಾಳು ಸುರಿಸುತ್ತಿರುವ ಮಾಸ್ಟ್ ಕೋಶಗಳು ಹೆಚ್ಚಿದಷ್ಟೂ ಆ ರೋಗಿಯ ಹೊಟ್ಟೆನೋವು ಜೋರಾಗಿತ್ತು, ಪದೇ ಪದೇ ಬರುತ್ತಿತ್ತು. ಇವರ ಮಾಮೂಲಿ ರಿಪೋರ್ಟ್ ನೋಡಿದ್ದರೆ ಏನಿರುತ್ತಿತ್ತು ಅಂತ ನಾನು ಹೇಳಬೇಕಾಗಿಲ್ಲ.

ಮುಂದಿನ ಹೆಜ್ಜೆ ಬೆಲ್ಜಿಯಮ್ಮಿನ ಲೂವೆನ್‌ನಲ್ಲಿ, ಗೀ ಬೂಕ್‌ಸ್ಟಾನ್ಸ್ ಅವರ ತಂಡದಿಂದ, 2021ರಲ್ಲಿ. ಇದನ್ನು ಸ್ವಲ್ಪ ನಿಧಾನವಾಗಿ ಹೇಳುತ್ತೇನೆ, ಏಕೆಂದರೆ ನಿಮ್ಮ ಓದುಗರಲ್ಲಿ ಎಷ್ಟೋ ಜನರಿಗೆ ಇದು ಅವರದೇ ಕಥೆ ಅನಿಸಬಹುದು. ಇಲಿಗಳಿಗೆ ಕರುಳಿನ ಸೋಂಕು ತರಿಸಿ, ಅದೇ ಹೊತ್ತಿಗೆ ಮೊಟ್ಟೆಯ ಬಿಳಿಯ ಪ್ರೋಟೀನ್ ತಿನ್ನಿಸಿದರು. ಸಾಮಾನ್ಯವಾಗಿ ತಿನ್ನುವ ಪದಾರ್ಥವನ್ನು ಕರುಳು ಶತ್ರು ಅಂತ ನೋಡುವುದಿಲ್ಲ, ಸಹಿಸಿಕೊಳ್ಳುತ್ತದೆ. ಸೋಂಕಿನ ಗಲಾಟೆಯಲ್ಲಿ ಆ ಸಹನೆ ಮುರಿಯಿತು. ಸೋಂಕು ಪೂರ್ತಿ ವಾಸಿಯಾದ ಮೇಲೆ ಅದೇ ಪ್ರೋಟೀನ್ ಮತ್ತೆ ಕೊಟ್ಟಾಗ ಇಲಿಗಳ ಕರುಳು ನೋವಿಗೆ ವಿಪರೀತ ಸೂಕ್ಷ್ಮವಾಗಿತ್ತು. ಕಾರಣ, ಆ ಪ್ರೋಟೀನಿನ ವಿರುದ್ಧ ಐಜಿಇ ಎಂಬ ಅಲರ್ಜಿಯ ಪ್ರತಿಕಾಯಗಳು ತಯಾರಾಗಿದ್ದವು, ಅದೂ ಕರುಳಿನಲ್ಲಿ ಮಾತ್ರ. ಅವು ಮಾಸ್ಟ್ ಕೋಶವನ್ನು ಎಬ್ಬಿಸುತ್ತವೆ, ಅದು ಹಿಸ್ಟಮಿನ್ ಸುರಿಸುತ್ತದೆ, ನೋವಿನ ನರ ಕೆರಳುತ್ತದೆ. ಆಮೇಲೆ ಐಬಿಎಸ್ ಇರುವ ಕೆಲವೇ ಜನರ ಕರುಳಿನ ಗೋಡೆಗೆ ಗೋಧಿ, ಹಾಲು, ಸೋಯಾ ಇಂಥವುಗಳ ಪ್ರೋಟೀನನ್ನು ತೀರಾ ಸಣ್ಣ ಪ್ರಮಾಣದಲ್ಲಿ ಚುಚ್ಚಿ ನೋಡಿದರು. ಚುಚ್ಚಿದ ಜಾಗ ಊದಿಕೊಂಡಿತು, ಮಾಸ್ಟ್ ಕೋಶಗಳು ಎದ್ದವು.

ಅಂದರೆ ಒಂದು ವಾಂತಿ ಭೇದಿ ಬಂದು ಹೋದ ಮೇಲೆ ಊಟವೇ ನೋವು ತರುವುದಕ್ಕೆ ಮೈಯಲ್ಲಿ ಒಂದು ಖಚಿತವಾದ ದಾರಿ ಇದೆ. ಇದು ಅಪರೂಪದ ಸಂಗತಿಯೂ ಅಲ್ಲ. ಕರುಳಿನ ಸೋಂಕು ಆದವರಲ್ಲಿ ಸುಮಾರು ಹತ್ತರಲ್ಲಿ ಒಬ್ಬರಿಗೆ ಐಬಿಎಸ್ ಉಳಿಯುತ್ತದೆ. ಕೆನಡಾದ ವಾಕರ್‌ಟನ್ ಎಂಬ ಊರಿನಲ್ಲಿ 2000ದಲ್ಲಿ ಕುಡಿಯುವ ನೀರಿಗೆ ಬ್ಯಾಕ್ಟೀರಿಯಾ ಸೇರಿ ಎರಡು ಸಾವಿರಕ್ಕೂ ಹೆಚ್ಚು ಜನ ಕಾಯಿಲೆ ಬಿದ್ದರು. ಎಂಟು ವರ್ಷ ಕಳೆದ ಮೇಲೂ ಅವರಲ್ಲಿ ಎಷ್ಟೋ ಜನರಿಗೆ ಹೊಟ್ಟೆಯ ತೊಂದರೆ ಹೋಗಿರಲಿಲ್ಲ. ಅಷ್ಟೂ ಜನಕ್ಕೆ ಒಂದೇ ವಾರದಲ್ಲಿ ಮನಸ್ಸು ಕೆಟ್ಟಿತು ಅನ್ನುವುದಕ್ಕಾಗುತ್ತದೆಯೇ?

ನರಗಳು ಬರೀ ನೋವು ಕೊಡಲು ಕೂತಿವೆ ಅಂತ ಯಾರೂ ತಿಳಿಯಬಾರದು. ಹಾರ್ವರ್ಡಿನ ಐಸಾಕ್ ಚಿಯು ಅವರ ಲ್ಯಾಬಿನಲ್ಲಿ ನೋವಿನ ನರಗಳನ್ನು ಸುಮ್ಮನಾಗಿಸಿದ ಇಲಿಗಳಿಗೆ ಸಾಲ್ಮೊನೆಲ್ಲಾ ಕೊಟ್ಟು ನೋಡಿದಾಗ ಸೋಂಕು ಇನ್ನೂ ಜೋರಾಯಿತು. ಸಾಲ್ಮೊನೆಲ್ಲಾ ಒಳನುಗ್ಗಲು ಬಳಸುವ ಬಾಗಿಲಿನಂಥ ಕೋಶಗಳು ಕರುಳಿನಲ್ಲಿವೆ, ನೋವಿನ ನರ ಆ ಬಾಗಿಲುಗಳ ಸಂಖ್ಯೆಯನ್ನು ಕಡಿಮೆ ಮಾಡುತ್ತದೆ. 2022ರಲ್ಲಿ ಅದೇ ಲ್ಯಾಬ್ ಇನ್ನೊಂದು ವಿಷಯ ತೋರಿಸಿತು, ನೋವಿನ ನರ ಸಿಜಿಆರ್‌ಪಿ ಎಂಬ ರಾಸಾಯನಿಕ ಬಿಟ್ಟಾಗ ಕರುಳಿನ ಕೋಶಗಳು ಲೋಳೆ ಸುರಿಸಿ ಗೋಡೆಯನ್ನು ಮುಚ್ಚುತ್ತವೆ. ಜಂತುಹುಳು ಬಂದಾಗಲೂ ಹೀಗೇ. ನರಕೋಶ ನ್ಯೂರೋಮೆಡಿನ್ ಯು ಎಂಬುದನ್ನು ಬಿಡುತ್ತದೆ, ಅದನ್ನು ಹಿಡಿದ ಕಾವಲು ಕೋಶಗಳು ಕೂಡಲೇ ಕೆಲಸಕ್ಕೆ ಇಳಿಯುತ್ತವೆ. ಲಿಸ್ಬನ್ ಮತ್ತು ನ್ಯೂಯಾರ್ಕಿನ ಎರಡು ತಂಡಗಳು ಇದನ್ನು 2017ರಲ್ಲಿ ಒಟ್ಟಿಗೇ ಪ್ರಕಟಿಸಿದವು. ಹಿರ್ಷ್‌ಸ್ಪ್ರುಂಗ್ ಮಕ್ಕಳ ಬಗ್ಗೆ ನನ್ನನ್ನು ಕಾಡುತ್ತಿದ್ದ ಪ್ರಶ್ನೆಗೆ ಇವನ್ನೆಲ್ಲ ಓದಿದ ಮೇಲೆ ಒಂದು ದಾರಿ ಕಂಡಿತು.

ಎಲ್ಲವೂ ಇತ್ಯರ್ಥವಾಗಿದೆ ಅಂತಲೂ ನಾನು ಹೇಳುತ್ತಿಲ್ಲ. ಊಟ ಮಾಡಿದಾಗ ಕರುಳಿನ ನರಗಳು ವಿಐಪಿ ಎಂಬ ರಾಸಾಯನಿಕ ಬಿಡುತ್ತವೆ. ಅದು ಒಂದು ಜಾತಿಯ ಕಾವಲು ಕೋಶವನ್ನು ತಗ್ಗಿಸುತ್ತದೆ ಅಂತ ಒಂದು ಲ್ಯಾಬ್, ಇಲ್ಲ ಹುರಿದುಂಬಿಸುತ್ತದೆ ಅಂತ ಇನ್ನೊಂದು ಲ್ಯಾಬ್, ಎರಡೂ 2020ರಲ್ಲೇ ಹೇಳಿದವು.

ಮನಸ್ಸಿನ ಮಾತಿಗೆ ಬರುತ್ತೇನೆ. ಮನಸ್ಸಿಗೂ ಹೊಟ್ಟೆಗೂ ಸಂಬಂಧವೇ ಇಲ್ಲ ಅಂತ ವಾದಿಸುವುದು ನನ್ನ ಉದ್ದೇಶ ಅಲ್ಲ. ಕೆಟ್ಟ ಸುದ್ದಿ ಕೇಳಿದರೆ ಕರುಳು ಚುರ್ ಅನ್ನುತ್ತದೆ ಅಂತ ನಾವೇ ಹೇಳುತ್ತೇವಲ್ಲ. ಆದರೆ ಆ ಚುರ್ ಎನ್ನುವುದೂ ಕೋಶಗಳ ಮೂಲಕವೇ ನಡೆಯಬೇಕು. 2023ರಲ್ಲಿ ಫಿಲಡೆಲ್ಫಿಯಾದ ಒಂದು ತಂಡ ಇಲಿಗಳಲ್ಲಿ ಆ ದಾರಿಯನ್ನು ತುದಿಯಿಂದ ತುದಿಗೆ ಹಿಡಿದು ತೋರಿಸಿತು. ದಿನಗಟ್ಟಲೆ ಒತ್ತಡ ಇದ್ದರೆ ರಕ್ತದಲ್ಲಿ ಸ್ಟೀರಾಯ್ಡ್ ಹಾರ್ಮೋನ್ ಏರುತ್ತದೆ, ಅದು ಕರುಳಿನ ನರಗಳ ಜೊತೆಗಿರುವ ಗ್ಲಿಯಾ ಕೋಶಗಳ ಸ್ವಭಾವ ಬದಲಿಸುತ್ತದೆ, ಅವು ಉರಿಯೂತದ ಕೋಶಗಳನ್ನು ಕರೆಸುತ್ತವೆ, ಕರುಳಿನ ಉರಿಯೂತ ಹೆಚ್ಚುತ್ತದೆ. ಒತ್ತಡ ಕಡಿಮೆ ಮಾಡಿಕೊಳ್ಳಿ ಎಂಬ ಸಲಹೆ ಸರಿಯೇ, ತಂಗಿಗೂ ಅದರಿಂದ ಸ್ವಲ್ಪ ಅನುಕೂಲ ಆಗಿದೆ. ಒತ್ತಡ ನಿಮ್ಮ ಕರುಳಿನ ಕೋಶಗಳನ್ನು ಕೆಣಕುತ್ತಿದೆ ಅಂತ ಹೇಳಿದರೆ ರೋಗಿ ಕೇಳುತ್ತಾಳೆ, ಧೈರ್ಯ ತಂದುಕೊಳ್ಳುತ್ತಾಳೆ. ಕರುಳಿನಲ್ಲಿ ಏನೂ ಇಲ್ಲ, ಎಲ್ಲ ನಿಮ್ಮ ತಲೆಯಲ್ಲಿ ಅಂತ ಹೇಳಿದರೆ ಅವಳು ಎದ್ದು ಬರುತ್ತಾಳೆ, ಮತ್ತೆ ಡಾಕ್ಟರ ಹತ್ತಿರ ಹೋಗುವುದನ್ನೇ ಬಿಡುತ್ತಾಳೆ. ನಮ್ಮ ಮನೆಯಲ್ಲಿ ಹಾಗೇ ಆಯಿತು, ಎಂಟು ತಿಂಗಳು ಅವಳು ಯಾರ ಹತ್ತಿರವೂ ಹೋಗಲಿಲ್ಲ.

ಇದನ್ನೆಲ್ಲ ಓದಿ ಯಾರೂ ಔಷಧಿ ಅಂಗಡಿಗೆ ಓಡಬಾರದು. ಹಿಸ್ಟಮಿನ್ ತಡೆಯುವ ಎಬಾಸ್ಟಿನ್ ಎಂಬ ಮಾತ್ರೆಯನ್ನು ಐಬಿಎಸ್ ರೋಗಿಗಳಲ್ಲಿ ಪರೀಕ್ಷಿಸಿದ್ದಾರೆ. ಕೆಲವರಿಗೆ ಗುಣ ಸಿಕ್ಕಿದೆ, ಬಹಳ ಜನರಿಗೆ ಸಿಕ್ಕಿಲ್ಲ. ಅದನ್ನು ಡಾಕ್ಟರೇ ನಿರ್ಧರಿಸಬೇಕು. ಕಿವಿಗೆ ಸಿಕ್ಕಿಸಿಕೊಂಡರೆ ಮಿದುಳಿನಿಂದ ಹೊಟ್ಟೆಯವರೆಗೆ ಇಳಿಯುವ ವೇಗಸ್ ನರ ಎಚ್ಚರವಾಗಿ ಹೊಟ್ಟೆ ಸರಿಹೋಗುತ್ತದೆ ಅಂತ ಮಾರುವ ಯಂತ್ರಗಳ ಜಾಹೀರಾತೂ ಈಗ ಕಾಣುತ್ತಿದೆ. ವೇಗಸ್ ನರಕ್ಕೆ ವಿದ್ಯುತ್ ಕೊಟ್ಟು ಉರಿಯೂತ ತಗ್ಗಿಸುವ ಸಂಶೋಧನೆ ನಿಜ, ಅಮೆರಿಕದ ಸಂಶೋಧಕ ಕೆವಿನ್ ಟ್ರೇಸಿ ಅವರ ತಂಡ 2000ದಿಂದಲೂ ಅದನ್ನು ಮಾಡುತ್ತಿದೆ. 2025ರಲ್ಲಿ ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ ಎಫ್‌ಡಿಎ ಅಂಥ ಒಂದು ಸಾಧನಕ್ಕೆ ಒಪ್ಪಿಗೆಯನ್ನೂ ಕೊಟ್ಟಿತು. ಆದರೆ ಅದು ಆಪರೇಷನ್ ಮಾಡಿ ಕುತ್ತಿಗೆಯೊಳಗೆ ಇಡುವಂಥದ್ದು, ಒಪ್ಪಿಗೆ ಸಿಕ್ಕಿರುವುದು ರುಮಟಾಯ್ಡ್ ಸಂಧಿವಾತಕ್ಕೆ.

ಪರೀಕ್ಷೆ ಬೇಡ ಅಂತಲೂ ಅಲ್ಲ. ಮಲದಲ್ಲಿ ರಕ್ತ, ಕಾರಣವಿಲ್ಲದೆ ತೂಕ ಇಳಿಯುವುದು, ರಕ್ತಹೀನತೆ, ರಾತ್ರಿ ನಿದ್ದೆಯಿಂದ ಎಬ್ಬಿಸುವ ಭೇದಿ, ಇವು ಇದ್ದರೆ ಡಾಕ್ಟರಿಗೆ ತೋರಿಸಿ, ಅವರು ಹೇಳಿದರೆ ಬಯಾಪ್ಸಿ ಮಾಡಿಸಲೇಬೇಕು. ಆ ಚೂರು ನಮ್ಮಂಥವರ ಮೇಜಿಗೆ ಬರಲಿ, ನಾವು ಕಣ್ಣಲ್ಲಿ ಕಣ್ಣಿಟ್ಟು ನೋಡುತ್ತೇವೆ. ಅದು ನಾರ್ಮಲ್ ಬಂದರೆ ನೋಡಿದ ಜಾಗದಲ್ಲಿ ಕ್ಯಾನ್ಸರ್ ಇಲ್ಲ, ಹುಣ್ಣಿಲ್ಲ ಅಂತ ಧೈರ್ಯವಾಗಿ ನಂಬಿ.

ಸಂಪಾದಕರೇ, ನನ್ನ ಕೋರಿಕೆ ಇಷ್ಟು. ಐಬಿಎಸ್ ಬಗ್ಗೆ ಇನ್ನೊಂದು ಲೇಖನ ಹಾಕಿ, ಈ ಸಲ ಕರುಳಿನ ಕಾಯಿಲೆಯ ತಜ್ಞರ ಜೊತೆಗೆ ಒಬ್ಬ ಪೆಥಾಲಜಿಸ್ಟರನ್ನೂ ಕೂರಿಸಿಕೊಂಡು ಬರೆಸಿ. ಬಯಾಪ್ಸಿಯಲ್ಲಿ ಯಾವ ಪದರ ಬರುತ್ತದೆ, ಯಾವುದು ಬರುವುದಿಲ್ಲ ಅಂತ ಅವರನ್ನು ಕೇಳಿ. ವಾಂತಿ ಭೇದಿ ಆದ ಮೇಲೆ ಶುರುವಾದ ನೋವಿನ ಬಗ್ಗೆ ಕೇಳಿ. ಆ ಹಳೆಯ ಸಾಲನ್ನು ತಿದ್ದಿ ಎರಡು ಮಾತು ಹಾಕಿದರೆ ಇನ್ನೂ ಒಳ್ಳೆಯದು. ಬಂದ ದಿನ ತಂಗಿಗೆ ನಾನೇ ಓದಿ ಹೇಳುತ್ತೇನೆ. ಮುಂದಿನ ಸೋಮವಾರ ಅವಳು ಮತ್ತೆ ಡಾಕ್ಟರ ಹತ್ತಿರ ಹೋಗುತ್ತಿದ್ದಾಳೆ. ಯಾವ ಊಟಕ್ಕೆ ಎಷ್ಟು ಹೊತ್ತಿಗೆ ನೋವು ಬಂತು ಅಂತ ಒಂದು ನೋಟ್‌ಬುಕ್ಕಿನಲ್ಲಿ ಹದಿನೈದು ದಿನದಿಂದ ಬರೆದಿಟ್ಟಿದ್ದಾಳೆ, ಅದನ್ನೂ ತೆಗೆದುಕೊಂಡು ಹೋಗುತ್ತಾಳೆ.

ಇಂತಿ ನಿಮ್ಮ ಓದುಗ,
ಬಯಾಪ್ಸಿ ಲ್ಯಾಬಿನ ಒಬ್ಬ ಟೆಕ್ನಿಷಿಯನ್